ದರಖಾಸ್ತು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯದು



ಕಂಪ್ಯೂಟರ್ ಕಲಿಯುವುದೆಂದರೆ ಮೌಸ್ ಒತ್ತುವುದಷ್ಟೇ ಅಲ್ಲ. ಒಳಗೆ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನೂ ತಿಳಿಯಬೇಕು. ಅಂಥ ಒಂದು ವಿಷಯವನ್ನು ಇಂದು ತಮ್ಮ ಮುಂದಿಡುತ್ತೇನೆ.

ಸಾಮಾನ್ಯ ಪ್ರೋಗ್ರಾಂ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ‘ಈ ಕಡತ ಓದಿಕೊಡು’ ಎಂದು ಆಪರೇಟಿಂಗ್ ಸಿಸ್ಟಂಗೆ ದರಖಾಸ್ತು ಹಾಕುತ್ತದೆ. ಇದೇ ಸಿಸ್ಟಂ ಕಾಲ್. ತಿರುಗುವ ಹಾರ್ಡ್ ಡಿಸ್ಕಿನಿಂದ ಉತ್ತರ ಬರಲು ಸುಮಾರು 10 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಪ್ರೊಸೆಸರ್ ಕೋಟಿಗೂ ಮಿಕ್ಕಿ ಆದೇಶಗಳನ್ನು ಪೂರೈಸಬಲ್ಲದು. ಪ್ರೋಗ್ರಾಂ ಸುಮ್ಮನೆ ಕಾದು ನಿಂತರೆ ಅಷ್ಟೂ ಸಮಯ ಅದಕ್ಕೆ ನಷ್ಟ.

ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಜೋಳದ ಡಬ್ಬಿ ಇಟ್ಟು ಹಿಟ್ಟಾಗುವವರೆಗೆ ಅಲ್ಲೇ ನಿಲ್ಲುವವರಿದ್ದಾರೆ. ಡಬ್ಬಿ ಇಟ್ಟು, ಸಂತೆ ಮುಗಿಸಿ ಬಂದು ಹಿಟ್ಟು ಒಯ್ಯುವವರೂ ಇದ್ದಾರೆ. ಎರಡನೆಯದೇ ಅಸಿಂಕ್ರೊನಸ್ ಪದ್ಧತಿ. ಲಿನಕ್ಸ್‌ನಲ್ಲಿ ‘ಐಒ ಸಬ್‌ಮಿಟ್’ ಎಂಬ ಕರೆ ಅನೇಕ ದರಖಾಸ್ತುಗಳನ್ನು ಒಟ್ಟಿಗೆ ಒಪ್ಪಿಸುತ್ತದೆ. ‘ಐಒ ಗೆಟ್‌ಇವೆಂಟ್ಸ್’ ಮುಗಿದವುಗಳ ಫಲಿತಾಂಶ ತಂದುಕೊಡುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಸಬ್‌ಮಿಟ್ ಹೇಳುವುದು ಎಷ್ಟು ದರಖಾಸ್ತು ಸ್ವೀಕಾರವಾದವು ಎಂದಷ್ಟೇ. ಹತ್ತು ಕೊಟ್ಟರೆ ಆರೇ ಸ್ವೀಕಾರವಾಗಬಹುದು. ಸ್ವೀಕಾರವಾದದ್ದೂ ಮುಂದೆ ಕೆಡಬಹುದು. ಫಲಿತಾಂಶ ನೋಡದ ಪ್ರೋಗ್ರಾಂ, ಬರೆಯದೇ ಉಳಿದ ಲೆಕ್ಕವನ್ನೂ ಬರೆದಾಯಿತೆಂದು ನಂಬಿ ಕೂರುತ್ತದೆ. ಎರಡನೆಯದು, ಕೆಲಸ ಮುಗಿಯುವವರೆಗೆ ಆ ಮಾಹಿತಿ ಇರುವ ಮೆಮೊರಿಯನ್ನು ಮುಟ್ಟಬಾರದು. ಬೀಸುತ್ತಿರುವಾಗ ಜೋಳಕ್ಕೆ ಗೋಧಿ ಸುರಿದರೆ ಹಿಟ್ಟು ಏನಾದೀತು?

ಈ ವಿದ್ಯೆ ನಮ್ಮ ನಾಡಿಗೆ ದೂರದ್ದಲ್ಲ. ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಎಂಬ ಮಹಿಳೆ ಮೂವರು ಸಹೋದ್ಯೋಗಿಗಳೊಡನೆ 2003ರ ಒಟ್ಟಾವಾ ಲಿನಕ್ಸ್ ಸಮಾವೇಶಕ್ಕೆ ಇದೇ ವಿಷಯದ ಪ್ರಬಂಧ ಬರೆದರು. ಸಾಮಾನ್ಯ ಕಡತ ಓದುವಾಗ ಸಬ್‌ಮಿಟ್ ಕರೆಯೇ ತಡೆದು ನಿಲ್ಲುವ ತೊಂದರೆಗೆ ಅವರು ಅದರಲ್ಲಿ ಪರಿಹಾರ ಹುಡುಕಿದ್ದರು. ಆದರೂ ಆ ಕೊರತೆ ಬಹುಕಾಲ ಉಳಿಯಿತು. 2019ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ 5.1ರಲ್ಲಿ ಯೆನ್ಸ್ ಆಕ್ಸ್‌ಬೋ ಅವರ ‘ಐಒ ಯುರಿಂಗ್’ ಸೇರಿತು. ಇದರಲ್ಲಿ ದರಖಾಸ್ತಿಗೊಂದು, ಫಲಿತಾಂಶಕ್ಕೊಂದು ಸಾಲು ಇವೆ. ಸಾಮಾನ್ಯ ಕಡತಗಳಿಗೂ ಇದು ಸಲ್ಲುತ್ತದೆ.

ವಿದ್ಯಾರ್ಥಿಗಳೇ, ವಿಶೇಷವಾಗಿ ಹೆಣ್ಣುಮಕ್ಕಳೇ, ಲಿನಕ್ಸ್‌ನ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಅದನ್ನು ಓದಲು ಯಾರಿಗೂ ದರಖಾಸ್ತು ಹಾಕಬೇಕಿಲ್ಲ. ಓದಿರಿ, ಬರೆದು ನೋಡಿರಿ, ಫಲಿತಾಂಶವನ್ನು ತಪ್ಪದೆ ಪರೀಕ್ಷಿಸಿರಿ.