ಬೀಜಗುಣವೂ ಕಾಯಕವೂ

 

“ಇದು ನಮ್ಮ ವಂಶದ ರೋಗ, ತಂದೆಗಿತ್ತು, ಮಗನಿಗೂ ಬಂದಿತು, ಮಾಡತಕ್ಕುದೇನು?” ಎಂದು ಮಧುಮೇಹಿಗಳನೇಕರು ಕೈಚೆಲ್ಲಿ ಕುಳಿತುಕೊಳ್ಳುವರು. ಈ ಮಾತಿನಲ್ಲಿ ಅರ್ಧ ಸತ್ಯವುಂಟು, ಉಳಿದರ್ಧವು ಅಪಾಯಕರವಾದುದು.

ಸುಶ್ರುತಾಚಾರ್ಯರು ತಮ್ಮ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಎರಡಾಗಿ ವಿಂಗಡಿಸಿರುವರು. ಮಾತಾಪಿತೃಗಳ ಬೀಜದೋಷದಿಂದ ಬಂದುದು ಸಹಜ. ಅಹಿತಾಹಾರದಿಂದ ಬಂದುದು ಅಪಥ್ಯನಿಮಿತ್ತ. ಬೀಜವೆಂದು ಅವರು ಹೇಳಿದೆಡೆಯಲ್ಲಿ ಇಂದಿನ ವಿಜ್ಞಾನವು ವಂಶವಾಹಿಗಳನ್ನು ತೋರಿಸುತ್ತದೆ. 2006ರಲ್ಲಿ ಐಸ್‌ಲೆಂಡಿನ ಸಂಶೋಧಕರು ಟಿಸಿಎಫ್7ಎಲ್2 ಎಂಬ ವಂಶವಾಹಿಯ ಒಂದು ಭೇದಕ್ಕೂ ಮಧುಮೇಹಕ್ಕೂ ಸಂಬಂಧವುಂಟೆಂದು ಕಂಡರು. 2007ರಲ್ಲಿ ಭಾರತೀಯರಲ್ಲಿಯೂ ಅದು ದೃಢಪಟ್ಟಿತು. ಇಂತಹ ಭೇದಗಳು ನೂರಾರು. ಕೆಲವು ಇನ್ಸುಲಿನ್ನಿನ ಸ್ರಾವವನ್ನು ಕುಗ್ಗಿಸುವುವು. ಕೆಲವು ದೇಹವು ಇನ್ಸುಲಿನ್ನಿಗೆ ಮಣಿಯದಂತೆ ಮಾಡುವುವು. ಹೆಚ್ಚಿನವುಗಳಲ್ಲಿ ಒಂದೊಂದರ ಬಲವು ಅಲ್ಪವೇ ಸರಿ. ಹಲವು ಕೂಡಿದಾಗ ಅಪಾಯವು ಹೆಚ್ಚುವುದು.

ಕೆರೆಯನ್ನು ಬಲ್ಲ ಕುಣಿಗಲಿನವರಿಗೆ ಇದು ಸುಲಭವಾಗಿ ತಿಳಿಯುವುದು. ಕೆರೆಯು ತುಂಬಿದ್ದರೂ ತೂಬು ಬಿಗಿದಿದ್ದರೆ ಗದ್ದೆಯು ಒಣಗುವುದು, ನೀರು ಕೋಡಿಯಲ್ಲಿ ಹರಿದುಹೋಗುವುದು. ಹಾಗೆಯೇ ರಕ್ತದಲ್ಲಿ ಸಕ್ಕರೆಯು ತುಂಬಿದ್ದರೂ ಜೀವಕೋಶಗಳು ಹಸಿದಿರುವುವು. ಮಿಕ್ಕ ಸಕ್ಕರೆಯು ಮೂತ್ರದಲ್ಲಿ ಹೊರಬೀಳುವುದು.

ಬಿಗಿದ ತೂಬನ್ನು ಸಡಿಲಿಸುವ ಬಗೆಯುಂಟೇ? ಉಂಟು. ನಡೆಯುವವನ ಕಾಲಿನ ಮಾಂಸಖಂಡಗಳು ರಕ್ತದ ಸಕ್ಕರೆಯನ್ನು ತಾವೇ ಹೀರಿಕೊಳ್ಳುವುವು. ರೋಗದ ಅಂಚಿನಲ್ಲಿದ್ದವರಿಗೆ ನಡಿಗೆಯನ್ನೂ ಮಿತಾಹಾರವನ್ನೂ ವಿಧಿಸಿ ಚೆನ್ನೈನ ವೈದ್ಯರು 3 ವರ್ಷ ಪರೀಕ್ಷಿಸಿದರು. ರೋಗಕ್ಕೆ ತುತ್ತಾಗುವ ಸಂಭವವು ನೂರಕ್ಕೆ 28ರಷ್ಟು ತಗ್ಗಿತೆಂದು 2006ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕೆಯಿಂದ ಬಂದ ವರದಿಯೊಂದರಂತೆ, ಮೇಲೆ ಹೇಳಿದ ವಂಶವಾಹಿಯ ದೋಷವುಳ್ಳವರಿಗೂ ಇಂತಹ ನಿಯಮದಿಂದ ಫಲ ದೊರೆಯಿತು. ಬೀಜವು ಬದಲಾಗಲಿಲ್ಲ, ಬಾಳು ಬದಲಾಯಿತು.

ಸುಶ್ರುತರೂ ಬಡ ಪ್ರಮೇಹಿಗೆ ವಿಧಿಸಿದುದು ಇದನ್ನೇ: ಭಿಕ್ಷಾನ್ನವನ್ನುಂಡು, ಗ್ರಾಮದಲ್ಲಿ ಒಂದೇ ರಾತ್ರಿ ತಂಗಿ, ನೂರು ಯೋಜನ ನಡೆಯಲಿ, ಇಲ್ಲವೆ ಬಾವಿಯನ್ನು ತೋಡಲಿ. ಒಂದು ಜಂಗಮನ ಚರ್ಯೆ, ಮತ್ತೊಂದು ಕಾಯಕ. ಆದರೆ ಅವರು ಹೇಳಿದ ಬರಿಗಾಲ ನಡಿಗೆಯು ಇಂದು ಸಲ್ಲದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚಿಕ್ಕ ಮುಳ್ಳೂ ದೊಡ್ಡ ವ್ರಣವಾಗುವುದು. ಎಡೆಯೂರಿಗೆ ಪಾದಯಾತ್ರೆ ಹೊರಡುವ ಭಕ್ತರು ಇದನ್ನು ನೆನಪಿನಲ್ಲಿಡತಕ್ಕದ್ದು.

ರಾಗಿಯ ಮುದ್ದೆಯನ್ನೇ ಔಷಧವೆಂದು ಬಗೆದು ಎರಡರ ಬದಲು ನಾಲ್ಕು ಉಣ್ಣುವುದೂ ತಪ್ಪು. ಪ್ರಸಾದವು ಪವಿತ್ರವಾದುದು, ಪ್ರಮಾಣವು ವಿವೇಕದ್ದು. ನಡಿಗೆಯನ್ನು ನಂಬಿ ವೈದ್ಯರ ಔಷಧವನ್ನು ಬಿಡಬಾರದು. ಕನ್ಯೆಯ ಸಂಬಂಧ ತಪ್ಪೀತೆಂದು ಮನೆಯ ರೋಗವನ್ನು ಮರೆಮಾಚಬಾರದು. ತಂದೆತಾಯಿಗಳಲ್ಲಿ ಒಬ್ಬರಿಗೆ ಮಧುಮೇಹವಿದ್ದರೂ ಮಕ್ಕಳು ಪ್ರಾಪ್ತವಯಸ್ಕರಾದ ಮೇಲೆ ಆಗಾಗ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು.

ಹಿರಿಯರಿಂದ ಬಂದ ಹೊಲವು ಕಲ್ಲುಭೂಮಿಯಾದರೆ ಒಕ್ಕಲಿಗನು ಅದನ್ನು ಬಿಟ್ಟೋಡುವನೇ? ಕಲ್ಲನ್ನು ಆಯ್ದು ಉಳುವನು. ದೇಹವೂ ಅಂತಹುದೇ ಹೊಲ. ಲಿಂಗಪೂಜೆಗೆ ಸಾಧನವಾದ ಈ ದೇಹವನ್ನು ಕಾಪಾಡುವುದೂ ಕಾಯಕವೇ.