ಗಡಿಯಾರದ ಮುಂದೆ ಕುಳಿತ ವಿದ್ಯಾರ್ಥಿಗಳು

(ಕಾಲೇಜಿನ ಟಿ.ವಿ. ಸ್ಟುಡಿಯೊ ಆರಂಭದ ದಿನ ಮಾಡಿದ ಭಾಷಣ)

 

ಸ್ಟುಡಿಯೊ ಆರಂಭಕ್ಕೆ ಸಿವಿಲ್ ಎಂಜಿನಿಯರನನ್ನು ಏಕೆ ಕರೆದರು ಎಂದು ಕೆಲವರಿಗಾದರೂ ಅನಿಸಿರಬೇಕು. ಕಾಲುವೆ, ಸೇತುವೆ, ಕಲ್ಲು, ಸಿಮೆಂಟು ಎಂದು ಸೇವೆ ಮುಗಿಸಿದವನು ನಾನು. ಆದರೆ ಮಗಳು ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಲ್ಲಿದ್ದಾಳೆ. ಅಲ್ಲಿಗೆ ಹೋದಾಗಲೆಲ್ಲ ಸಂಜೆ ಆ ಊರಿನ ಸುದ್ದಿ ನೋಡುತ್ತಿದ್ದೆ. ಸ್ಥಳದಿಂದ ವರದಿ ಮಾಡುವವರ ಮುಖ ಬಹಳ ಎಳೆಯದಾಗಿ ಕಾಣುತ್ತಿತ್ತು. ವಿಚಾರಿಸಿದರೆ, ಅವರೆಲ್ಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ಅಲ್ಲಿನ ಪತ್ರಿಕೋದ್ಯಮ ಶಾಲೆಯನ್ನು 1908ರಲ್ಲಿ ವಾಲ್ಟರ್ ವಿಲಿಯಮ್ಸ್ ಆರಂಭಿಸಿದರು. ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳು ಒಂದು ಪತ್ರಿಕೆ ಹೊರತಂದರು. ಮೊದಲು ಪಾಠ, ಆಮೇಲೆ ಪತ್ರಿಕೆ ಎಂದು ಕಾಯಲಿಲ್ಲ. ಅದೇ ಹಾದಿಯಲ್ಲಿ 1953ರ ಡಿಸೆಂಬರಿನಲ್ಲಿ ಕೆಓಎಂಯು ಎಂಬ ಟಿ.ವಿ. ಕೇಂದ್ರ ಪ್ರಸಾರ ಆರಂಭಿಸಿತು. ಅದು ಕಾಲೇಜಿನೊಳಗಿನ ಆಟದ ಕೇಂದ್ರವಲ್ಲ. ಪರವಾನಗಿ ವಿಶ್ವವಿದ್ಯಾಲಯದ್ದು, ಎನ್‌ಬಿಸಿ ಜಾಲದ ಕಾರ್ಯಕ್ರಮಗಳನ್ನು ಬಿತ್ತರಿಸುತ್ತದೆ, ಜಾಹೀರಾತಿನಿಂದ ಸಂಪಾದಿಸುತ್ತದೆ, ಸುತ್ತಲಿನ ಊರುಗಳ ರೈತರು, ವ್ಯಾಪಾರಿಗಳು ಮಳೆ ಗಾಳಿ ತಿಳಿಯಲು ಅದನ್ನೇ ನೋಡುತ್ತಾರೆ. ಮೇಲ್ವಿಚಾರಣೆಗೆ ಸಂಬಳದ ಅನುಭವಿಗಳಿದ್ದಾರೆ. ಓಡಾಟ, ಚಿತ್ರೀಕರಣ, ಬರವಣಿಗೆಯ ಬಹುಪಾಲು ವಿದ್ಯಾರ್ಥಿಗಳದು.

ಇಂಥ ಕೆಲಸದಲ್ಲಿ ನನ್ನ ಮನಸ್ಸು ಸೆಳೆದದ್ದು ಕ್ಯಾಮರಾ ಅಲ್ಲ, ಗಡಿಯಾರ. ಅರ್ಧ ಗಂಟೆಯ ಬುಲೆಟಿನ್ ಎಂದರೆ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ಅದರಲ್ಲಿ ಹವಾಮಾನ, ಆಟೋಟ ತೆಗೆದರೆ ಸುದ್ದಿಗೆ ಹದಿನೈದೂ ಸಿಗುವುದಿಲ್ಲ. ಪ್ರೊಡ್ಯೂಸರ್ ಆದ ವಿದ್ಯಾರ್ಥಿ ರನ್‌ಡೌನ್ ಎಂಬ ಪಟ್ಟಿ ಮಾಡುತ್ತಾನೆ: ಯಾವ ಸುದ್ದಿ ಮೊದಲು, ಯಾವುದಕ್ಕೆ ಎಷ್ಟು ಸೆಕೆಂಡು, ಓದುವವರು ಯಾರು, ಆಗ ತೆರೆಯ ಮೇಲೆ ಯಾವ ಚಿತ್ರ. ಲೆಕ್ಕ ಹಾಕುವುದು ಕೊನೆಯಿಂದ ಹಿಂದಕ್ಕೆ. ಆರೂವರೆಗೆ ಮುಗಿಯಲೇಬೇಕಾದರೆ ಕೊನೆಯ ಸುದ್ದಿ ಎಷ್ಟಕ್ಕೆ ಶುರುವಾಗಬೇಕು, ಅದರ ಹಿಂದಿನದು ಎಷ್ಟಕ್ಕೆ, ಹೀಗೆ. ಜಲಾಶಯದ ಗೇಟು ಮಳೆಗಾಲಕ್ಕೆ ಮುಂಚೆ ಕೂರಬೇಕೆಂದು ನಾವು ಜೂನ್‌ನಿಂದ ಹಿಂದಕ್ಕೆ ಎಣಿಸುತ್ತಿದ್ದೆವಲ್ಲ, ಅದೇ ಲೆಕ್ಕ. ವ್ಯತ್ಯಾಸ ಇಷ್ಟೆ: ನಮಗೆ ಅವಧಿ ವಿಸ್ತರಣೆಯ ಅರ್ಜಿ ಹಾಕಲು ಅವಕಾಶವಿತ್ತು! ಪ್ರಸಾರ ಅರ್ಧಕ್ಕೆ ಬಂದಾಗ ನಲವತ್ತು ಸೆಕೆಂಡು ಹೆಚ್ಚಾಗಿದೆ ಎಂದು ತಿಳಿದರೆ, ಯಾವ ಸುದ್ದಿ ಕೈಬಿಡಬೇಕೆಂದು ಇಪ್ಪತ್ತೊಂದರ ಹುಡುಗಿ ಆ ಕ್ಷಣವೇ ಹೇಳಬೇಕು. ಯಾವುದು ಮುಖ್ಯ ಎಂಬ ವಿವೇಕ ಬರುವುದು ಆ ನಲವತ್ತು ಸೆಕೆಂಡುಗಳಲ್ಲಿ.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಕಿವಿಮಾತು. ಇಂಗ್ಲಿಷಿನವರು ನಿಮಿಷಕ್ಕೆ ಸುಮಾರು 150 ಪದ ಎಂದು ಹಿಡಿದು ಕಾಲ ಅಳೆಯುತ್ತಾರೆ. ಆ ಅಳತೆಗೋಲು ಕನ್ನಡಕ್ಕೆ ಒಗ್ಗದು. ‘ಮಾಡಬೇಕಾಗಿದ್ದರಿಂದ’ ಎಂಬುದು ನಮಗೆ ಒಂದೇ ಪದ. ಆದ್ದರಿಂದ ಪದ ಎಣಿಸಬೇಡಿ, ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ. ಓದುವಾಗ ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಮುರಿಯಿರಿ. ಪ್ರೇಕ್ಷಕನಿಗೆ ಹಿಂದಿನ ಪುಟ ತಿರುವಿ ನೋಡುವ ಸೌಕರ್ಯವಿಲ್ಲ. ಧ್ವನಿಯ ಕಡೆಯೂ ಗಮನವಿರಲಿ. ಚಿತ್ರ ಸ್ವಲ್ಪ ಅಲುಗಾಡಿದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಇಷ್ಟು ಕಲಿಸುವುದು ಸುಲಭ. ಕಷ್ಟದ್ದು ಮುಂದಿದೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಅನೇಕ ವಾರ್ತಾವಾಚಕರು ಎದೆಯ ಮೇಲೆ ರಾಷ್ಟ್ರಧ್ವಜದ ಬಿಲ್ಲೆ ಧರಿಸಿದರು. ಈ ಕೇಂದ್ರದ ಸುದ್ದಿ ನಿರ್ದೇಶಕರು ಮಾತ್ರ, ಪ್ರಸಾರದ ವೇಳೆ ಯಾರೂ ಅದನ್ನು ಧರಿಸಬಾರದು ಎಂದರು. ಸುದ್ದಿ ಹೇಳುವವನು ಯಾವ ಪಕ್ಷದವನಾಗಿಯೂ ಕಾಣಬಾರದು ಎಂಬುದು ಅವರ ನಿಲುವು. ರಾಜ್ಯದ ಶಾಸಕರು ಸಿಟ್ಟಾಗಿ ವಿಶ್ವವಿದ್ಯಾಲಯದ ಅನುದಾನಕ್ಕೇ ಕತ್ತರಿ ಹಾಕುವ ಮಾತೆತ್ತಿದರು. ನಿರ್ದೇಶಕರು ಮಾಡಿದ್ದು ಸರಿಯೋ ತಪ್ಪೋ, ನಿಮ್ಮಲ್ಲಿ ಎರಡು ಅಭಿಪ್ರಾಯ ಇರಬಹುದು. ನನಗೆ ಅದು ಸರಿ. ಆದರೆ ಗಮನಿಸಿ: ಸುದ್ದಿಮನೆಯ ತೀರ್ಮಾನಕ್ಕೆ ಸಂಸ್ಥೆಯ ಹಣದ ಚೀಲ ಹಿಡಿದು ಎಳೆದರು.

ಇನ್ನೊಂದು, 2015ರ ನವೆಂಬರ್. ಜನಾಂಗಭೇದದ ಘಟನೆಗಳಿಗೆ ಆಡಳಿತ ಸರಿಯಾಗಿ ಸ್ಪಂದಿಸಲಿಲ್ಲವೆಂದು ಅದೇ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಹೋರಾಟಕ್ಕಿಳಿದರು. ಒಬ್ಬ ವಿದ್ಯಾರ್ಥಿ ಉಪವಾಸ ಕುಳಿತ. ಫುಟ್‌ಬಾಲ್ ತಂಡದ ಕಪ್ಪು ಆಟಗಾರರು, ಅಧ್ಯಕ್ಷರು ಹೋಗುವ ತನಕ ಆಡುವುದಿಲ್ಲ ಎಂದರು. 9ನೇ ತಾರೀಕು ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಈ ಕೇಂದ್ರ ಅದನ್ನೆಲ್ಲ ವರದಿ ಮಾಡಿತು. ಕೇಂದ್ರದ ಪರವಾನಗಿ ಯಾರ ಕೈಯಲ್ಲಿತ್ತು? ಅದೇ ವಿಶ್ವವಿದ್ಯಾಲಯದ ಕೈಯಲ್ಲಿ. ಸುದ್ದಿಯಾದವರು, ಸುದ್ದಿ ಮಾಡಿದವರು, ಒಡೆಯರು ಎಲ್ಲ ಒಂದೇ ಸೂರಿನಡಿ. ಜೊತೆಗೆ, ಮೈದಾನದಲ್ಲಿ ಚಿತ್ರ ತೆಗೆಯಲು ಬಂದವರನ್ನು ಕೆಲವು ಹೋರಾಟಗಾರರೇ ತಡೆದರು. ಅಂದರೆ ಪ್ರಶ್ನೆ ಕೇಳುವವನು ಬೇಡವಾಗುವುದು ಅಧಿಕಾರದಲ್ಲಿರುವವರಿಗೆ ಮಾತ್ರವಲ್ಲ.

ಈಗ ನಮ್ಮ ಮನೆಗೆ ಬರೋಣ. ಮಠಗಳು ಕಟ್ಟಿದ ಶಾಲೆ ಕಾಲೇಜು, ಪ್ರಸಾದ ನಿಲಯಗಳು ನಾಡಿನ ತುಂಬ ಇವೆ. ಬಡವರ ಮಕ್ಕಳು ಓದಿದ್ದು ಅಲ್ಲಿಯೆ, ನಾನೂ ಅಲ್ಲಿ ಉಂಡು ಓದಿದವನು. ಆದರೆ ಕಾಲೇಜುಗಳು ತಯಾರಿಸುವ ವಿಡಿಯೊ ಎಂದರೇನು? ಗಣ್ಯರು ದೀಪ ಬೆಳಗಿದರು, ಹಾರ ಹಾಕಿಸಿಕೊಂಡರು, ಮಾತಾಡಿದರು. ಇವತ್ತಿನದೂ ನಾಳೆ ಹಾಗೆಯೇ ಬರುತ್ತದೆ, ನನ್ನ ಮುಖ ಸಹಿತ. ಇದಕ್ಕೆ ಇಷ್ಟು ಬೆಲೆಯ ಕ್ಯಾಮರಾ ಬೇಕಾಗಿರಲಿಲ್ಲ.

ಕಾನೂನಿನ ತೊಡಕನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 2002ರಿಂದ ಶಿಕ್ಷಣ ಸಂಸ್ಥೆಗಳು ಸಮುದಾಯ ರೇಡಿಯೊ ನಡೆಸಬಹುದು. ಆದರೆ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಷ್ಟೆ. ಯೂಟ್ಯೂಬಿಗೆ ಆ ಪರವಾನಗಿ ಬೇಕಿಲ್ಲ. ಅಲ್ಲಿ ಅಡ್ಡಿ ಬಂದರೆ ಬಹುಮಟ್ಟಿಗೆ ನಮ್ಮ ಆಡಳಿತ ಮಂಡಳಿಯಿಂದಲೇ ಬರಬೇಕು.

ಹಾಗಾಗಿ ಮಂಡಳಿಗೆ ನನ್ನ ಬಿನ್ನಹ: ಬುಲೆಟಿನ್ ಪ್ರಸಾರಕ್ಕೆ ಮುಂಚೆ ನೋಡುವುದು ಅಧ್ಯಾಪಕರ ಕೆಲಸ, ಕಾರ್ಯದರ್ಶಿಗಳದ್ದಲ್ಲ. ತಪ್ಪು ಮಾಹಿತಿ ಹೋದರೆ ಮುಂದಿನ ಬುಲೆಟಿನ್‌ನಲ್ಲಿ ಅವರೇ ತಿದ್ದಿ ಹೇಳಲಿ. ನಮ್ಮ ಅಳತೆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿರಲಿಲ್ಲ. ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಹಾಕುತ್ತಿದ್ದೆವು. ಅದೇ ಪದ್ಧತಿ ಸಾಕು.

ಮಕ್ಕಳಿಗೆ ಬಿನ್ನಹ: ವಾರಕ್ಕೆ ಒಂದೇ ಬುಲೆಟಿನ್ ಇರಲಿ, ಐದೇ ನಿಮಿಷ. ಆದರೆ ಶುಕ್ರವಾರ ಐದು ಗಂಟೆ ಎಂದರೆ ಐದೇ ಗಂಟೆ, ಪರೀಕ್ಷೆ ಬಂದರೂ ಜಾತ್ರೆ ಬಂದರೂ. ಆರೋಪ ಮಾಡಿದರೆ ಆರೋಪಿತನ ಮಾತನ್ನು ಅದೇ ಬುಲೆಟಿನ್‌ನಲ್ಲಿ ಕೇಳಿಸಿ.

ಹೊಸ ವಿದ್ಯಾರ್ಥಿನಿಯರ ನಿಲಯದ ಕಾಮಗಾರಿ ಎಲ್ಲಿಗೆ ಬಂತು ಎಂದು ಆಗಲೆ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಕಟ್ಟಡ ಸಮಿತಿಯಲ್ಲಿ ನಾನಿದ್ದೇನೆ. ಸೋಮವಾರ ಹನ್ನೊಂದಕ್ಕೆ ಕಾಮಗಾರಿಯ ಜಾಗದಲ್ಲಿ ಇರುತ್ತೇನೆ, ಖರ್ಚಿನ ಪಟ್ಟಿ ಕೈಯಲ್ಲಿರುತ್ತದೆ. ಕ್ಯಾಮರಾ ತನ್ನಿ. ಪ್ರಶ್ನೆಗಳನ್ನು ಮುಂಚಿತವಾಗಿ ನನಗೆ ತೋರಿಸಬೇಡಿ.