ವಿದ್ಯಾದಾನವೂ ದಾತೃವಿನ ಅಧಿಕಾರವೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಓದಲ್ಪಟ್ಟ ಉಪನ್ಯಾಸ)



ವಿದ್ಯಾದಾನದ ಹಿರಿಮೆಯನ್ನು ಈ ಸಭೆಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಶಾಲೆಗೆ ಧನವಿತ್ತವನಿಗೆ ಆ ಶಾಲೆಯ ಮೇಲೆ ಎಷ್ಟು ಅಧಿಕಾರವಿರತಕ್ಕದ್ದು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇಂಗ್ಲೆಂಡಿನಲ್ಲಿ 2000ನೆಯ ಇಸವಿಯಿಂದೀಚೆಗೆ ಈ ಪ್ರಶ್ನೆಯು ಊರೂರಿನ ಹೈಸ್ಕೂಲುಗಳ ಬಾಗಿಲಿಗೆ ಬಂದಿರುವುದು. ಶಾಲೆಗಳನ್ನು ಸಾಕಿ ಬೆಳೆಸುವ ಮಠದ ಭಕ್ತರಿಗೆ ಆ ದೇಶದ ಅನುಭವವು ಮನನೀಯವಾಗಿದೆ.

ಲಂಡನ್ ನಗರದ ಹ್ಯಾಕ್ನಿ ಎಂಬ ಭಾಗದಲ್ಲಿ ಗ್ರೋಸರ್ಸ್ ಕಂಪನಿಯೆಂಬ ಪ್ರಾಚೀನ ವರ್ತಕ ಸಂಘವು 1876ರಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದು ಲಂಡನ್ ಕೌಂಟಿ ಕೌನ್ಸಿಲಿನ ಕೈಸೇರಿತು. ಪ್ರಸಿದ್ಧ ನಾಟಕಕಾರ ಹೆರಾಲ್ಡ್ ಪಿಂಟರ್ ವಿದ್ಯಾಭ್ಯಾಸ ಮಾಡಿದುದು ಅಲ್ಲಿಯೇ. ಕಾಲಕ್ರಮದಲ್ಲಿ ಆ ಶಾಲೆಯು ಕ್ಷೀಣಿಸಿ 1995ರಲ್ಲಿ ಮುಚ್ಚಲ್ಪಟ್ಟಿತು. 2004ರಲ್ಲಿ ಅದೇ ನೆಲದ ಮೇಲೆ ಮಾಸ್‌ಬೋರ್ನ್ ಅಕಾಡೆಮಿ ತೆರೆಯಿತು. ವರ್ತಕರಾದ ಸರ್ ಕ್ಲೈವ್ ಬೋರ್ನ್ ಅದಕ್ಕೆ ಆಶ್ರಯದಾತರಾಗಿ ತಮ್ಮ ತಂದೆಯವರ ಹೆಸರನ್ನಿಟ್ಟರು. ಮುಖ್ಯೋಪಾಧ್ಯಾಯರಾದ ಮೈಕೇಲ್ ವಿಲ್ಷಾ ಅವರ ಕಟ್ಟುನಿಟ್ಟಾದ ಶಿಸ್ತಿನಲ್ಲಿ ಆ ಶಾಲೆಯು ಸರಕಾರದ ಇನ್‌ಸ್ಪೆಕ್ಟರರಿಂದ ಅತ್ಯುತ್ತಮವೆನಿಸಿಕೊಂಡಿತು. ದಾತೃವಿನಿಂದ ಜನಪ್ರತಿನಿಧಿಗಳ ಸಂಸ್ಥೆಗೂ, ಮರಳಿ ದಾತೃವಿಗೂ, ಹೀಗೆ ಒಂದೇ ನೆಲವು ಮೂರು ಒಡೆತನಗಳನ್ನು ಕಂಡಿತು.

ಈ ಪದ್ಧತಿಯನ್ನು 2000ದಲ್ಲಿ ಪ್ರಕಟಿಸಿದವರು ಟೋನಿ ಬ್ಲೇರರ ಸರಕಾರದಲ್ಲಿ ವಿದ್ಯಾಮಂತ್ರಿಗಳಾಗಿದ್ದ ಡೇವಿಡ್ ಬ್ಲಂಕೆಟ್ಟರು. ಮೊದಲ ಮೂರು ಅಕಾಡೆಮಿಗಳು 2002ರಲ್ಲಿ ತೆರೆದವು. ಆಶ್ರಯದಾತರು ಕೊಡಬೇಕಾಗಿದ್ದುದು ಸುಮಾರು 20 ಲಕ್ಷ ಪೌಂಡು. ಕಟ್ಟಡದ ಮಿಕ್ಕ ವೆಚ್ಚವನ್ನೂ ವರುಷ ವರುಷದ ಖರ್ಚನ್ನೂ ಸರಕಾರದ ಬೊಕ್ಕಸವೇ ಹೊರುತ್ತಿತ್ತು. ಆದರೂ ಆಡಳಿತ ಮಂಡಲಿಯಲ್ಲಿ ಬಹುಸಂಖ್ಯಾಕರನ್ನು ನೇಮಿಸುವ ಹಕ್ಕು ಆಶ್ರಯದಾತರಿಗೆ ಸಂದಿತು. ಮುಂದೆ ಧನವೀಯಬೇಕೆಂಬ ನಿಯಮವೇ ಬಿದ್ದುಹೋಯಿತು. ಅಧಿಕಾರವು ಮಾತ್ರ ಉಳಿಯಿತು.

ಊರಿನ ಶಾಲೆಯು ಅಕಾಡೆಮಿಯಾಗುವ ಕ್ರಮವೆಂತೆಂದರೆ: ಒಂದು ಟ್ರಸ್ಟು ವಿದ್ಯಾಮಂತ್ರಿಯೊಡನೆ ಕರಾರು ಮಾಡಿಕೊಳ್ಳುವುದು. ಕೌನ್ಸಿಲಿನ ನೆಲವಾದರೆ ಸಾಮಾನ್ಯವಾಗಿ 125 ವರುಷಗಳ ಗುತ್ತಿಗೆಗೆ ಟ್ರಸ್ಟಿಗೆ ದೊರೆಯುವುದು. ಉಪಾಧ್ಯಾಯರು ತಮ್ಮ ಹಿಂದಿನ ಷರತ್ತುಗಳೊಡನೆ ಹೊಸ ಸಂಸ್ಥೆಯ ಸೇವೆಗೆ ಸೇರುವರು. ಹಣವು ಕೌನ್ಸಿಲಿನ ಮೂಲಕವಲ್ಲದೆ ನೇರವಾಗಿ ಸರಕಾರದಿಂದ ಬರುವುದು. 2016ರ ಶಾಸನವಾದರೋ ಅಸಮರ್ಪಕವೆಂದು ನಿರ್ಣಯಿಸಲ್ಪಟ್ಟ ಕೌನ್ಸಿಲ್ ಶಾಲೆಯು ಅಕಾಡೆಮಿಯಾಗಲೇಬೇಕೆಂದು ವಿಧಿಸಿ, ಅಂತಹ ಶಾಲೆಗಳ ವಿಷಯದಲ್ಲಿ ಊರವರ ಅಭಿಪ್ರಾಯವನ್ನು ಕೇಳಬೇಕೆಂಬ ಕಟ್ಟಳೆಯನ್ನೂ ತೆಗೆದುಹಾಕಿತು.

ಇದನ್ನು ಸಮರ್ಥಿಸುವವರ ವಾದವು ಅಲ್ಲಗಳೆಯತಕ್ಕದ್ದಲ್ಲ. ಕೆಟ್ಟ ಶಾಲೆಯಲ್ಲಿ ಕಳೆದ ವರುಷವು ಮಗುವಿಗೆ ಮತ್ತೆ ಬಾರದು. ಸಭೆಗಳು ಚರ್ಚಿಸುತ್ತಿರುವಾಗ ಒಂದು ಪೀಳಿಗೆಯೇ ಹಾಳಾದೀತು. ಆದರೆ ಮಾಸ್‌ಬೋರ್ನ್ ಶಾಲೆಯ ಯಶಸ್ಸನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಅದು ಮುಚ್ಚಿದ ಶಾಲೆಯ ನೆಲದಲ್ಲಿ ಕೆಳಗಿನ ತರಗತಿಯ ಮಕ್ಕಳಿಂದ ಹೊಸದಾಗಿ ಆರಂಭವಾದುದು. ನಡೆಯುತ್ತಿರುವ ಶಾಲೆಯ ಹೆಸರುಪಟ್ಟಿಯನ್ನು ಬದಲಿಸುವುದು ಬೇರೆಯೇ ಕಾರ್ಯ. ಸಟನ್ ಟ್ರಸ್ಟು 2014ರಿಂದ 2018ರವರೆಗೆ ಪ್ರಕಟಿಸಿದ ವರದಿಗಳಲ್ಲಿ, ಬಡಮಕ್ಕಳ ಪ್ರಗತಿಯಲ್ಲಿ ಒಂದು ಆಶ್ರಯಸಂಸ್ಥೆಗೂ ಇನ್ನೊಂದಕ್ಕೂ ಅಜಗಜಾಂತರವು ಕಂಡುಬಂದಿತು.

ಆಶ್ರಯದಾತನೇ ಕೈಬಿಟ್ಟರೆ? 2017ರ ಸೆಪ್ಟೆಂಬರಿನಲ್ಲಿ ವೇಕ್‌ಫೀಲ್ಡ್ ಸಿಟಿ ಅಕಾಡೆಮೀಸ್ ಟ್ರಸ್ಟು ತನ್ನ 21 ಶಾಲೆಗಳನ್ನೂ ಬಿಟ್ಟುಕೊಡುವುದಾಗಿ ಸಾರಿತು. ಆ ಶಾಲೆಗಳು ಬೇರೆ ಟ್ರಸ್ಟುಗಳಿಗೆ ಹಂಚಲ್ಪಡಬೇಕಾಯಿತು. ಕೌನ್ಸಿಲಿನ ಸದಸ್ಯನು ತಪ್ಪಿದರೆ ಮುಂದಿನ ಚುನಾವಣೆಯಲ್ಲಿ ಅವನನ್ನು ಕೆಳಗಿಳಿಸುವ ಹಕ್ಕು ಊರವರಿಗುಂಟು. ಟ್ರಸ್ಟಿನ ಮೇಲೆ ಮಕ್ಕಳ ತಾಯಿತಂದೆಗಳಿಗೆ ಅಂತಹ ಹಕ್ಕಿಲ್ಲ. ಅದು ಉತ್ತರ ಹೇಳಬೇಕಾದುದು ದೂರದ ಮಂತ್ರಿಗೆ.

ಹೀಗಿರಲಾಗಿ ದಾತೃವು ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ, ಆತನನ್ನು ಪ್ರಶ್ನಿಸುವ ಬಾಗಿಲು ತೆರೆದಿರುವುದೋ ಮುಚ್ಚಿರುವುದೋ ಎಂಬುದೇ ಮುಖ್ಯವಾಗುವುದು. ಒಳ್ಳೆಯ ದಾತೃವು ಇಂದು ಇರುವನು, ನಾಳೆ ಇರಲಾರನು, ಶಾಲೆಯು ಉಳಿಯಬೇಕು. ಕೊಟ್ಟೆನೆಂಬ ಅಹಂಕಾರವಳಿದ ದಾನವೇ ದಾಸೋಹವೆಂದು ಬಲ್ಲ ಸದ್ಭಕ್ತರು ಇದನ್ನು ಬಹು ಸುಲಭವಾಗಿ ಅರಿಯಬಲ್ಲರು. ಶಾಲೆಗೆ ಕಲ್ಲು, ಮರ, ಧನಗಳನ್ನು ಕೊಡುವ ಪುಣ್ಯಾತ್ಮರು ಲೆಕ್ಕವನ್ನು ಕೇಳುವ ಹಕ್ಕನ್ನೂ ಮಕ್ಕಳ ತಾಯಿತಂದೆಗಳಿಗೆ ಕೊಟ್ಟರೆ ಅವರ ದಾನವು ಪೂರ್ಣವಾಗುವುದು.